ಹಳೆಯ ಮಿಯಾಟಾಗೆ ಯಾವ ಬುಷ್? ಮೂರು ವರ್ಷ ಪಾಲಿ, ಐದು ವರ್ಷ ರಬ್ಬರ್ ಓಡಿಸಿದ ಮೇಲೆ

ನನ್ನ ಗಾಡಿ 1992ರ ಮಾಜ್ದಾ ಮಿಯಾಟಾ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1.6 ಲೀಟರ್ ಇಂಜಿನ್, ಐದು ಗೇರ್, ಮಡಚುವ ಬಟ್ಟೆಯ ಟಾಪ್. ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡಿಸುತ್ತೇನೆ, ರಸ್ತೆಗೆ ಉಪ್ಪು ಹಾಕಲು ಶುರು ಮಾಡಿದ ದಿನದಿಂದ ಗ್ಯಾರೇಜ್ ಬಿಟ್ಟು ತೆಗೆಯುವುದಿಲ್ಲ. ಈ ಗಾಡಿಗೆ ಎರಡು ಸಲ ಸಸ್ಪೆನ್ಷನ್ ಆರ್ಮ್‌ಗಳ ಬುಷ್ ಪೂರ್ತಿ ಬದಲಾಯಿಸಿದ್ದೇನೆ. ಬುಷ್ ಅಂದರೆ ಚಕ್ರ ಹಿಡಿಯುವ ಆರ್ಮ್‌ನ ತುದಿಗಳಲ್ಲಿ ಕೂರುವ ಮೆತ್ತೆ, ಅದರ ನಡುವಿನ ಲೋಹದ ಕೊಳವೆಯೊಳಗೆ ಬೋಲ್ಟ್ ಹೋಗುತ್ತದೆ. 2017ರಲ್ಲಿ ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ (ಎಲ್ಲರೂ ಪಾಲಿ ಅನ್ನುತ್ತಾರೆ), 2020ರಲ್ಲಿ ಮತ್ತೆ ಮಾಜ್ದಾದ ಮಾಮೂಲಿ ರಬ್ಬರ್. ಎರಡರ ಮೇಲೂ ಸಾಕಷ್ಟು ಓಡಿಸಿ ಆಗಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

2016ರಲ್ಲಿ ಕೊಂಡಾಗ 1,31,000 ಮೈಲಿ ಆಗಿತ್ತು. ಬುಷ್‌ಗಳು ಫ್ಯಾಕ್ಟರಿಯಿಂದ ಬಂದಾಗಿನವೇ, ಅಂದರೆ 24 ವರ್ಷ ಹಳೆಯವು. ಬ್ರೇಕ್ ಒತ್ತಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಸಣ್ಣ ಗುಂಡಿಗೂ ಹಿಂದಿನಿಂದ ಟಕ್ ಅನ್ನುವ ಸದ್ದು. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ, ಮಾಡಿಸಿದರೆ ಎರಡೇ ತಿಂಗಳಲ್ಲಿ ಮತ್ತೆ ಹಳೇ ಕಥೆ, ಹಿಂದಿನ ಟೈರ್‌ಗಳು ಒಳಗಡೆ ಮಾತ್ರ ಸವೆಯುತ್ತಿದ್ದವು. ಜಾಕಿ ಹಾಕಿ, ಚಕ್ರವನ್ನು ಕೆಳಗಡೆ ಹಿಡಿಯುವ ಲೋಯರ್ ಆರ್ಮ್ ಪಕ್ಕಕ್ಕೆ ಸಣ್ಣ ಹಾರೆ ತೂರಿಸಿ ಮೀಟಿದರೆ ಬೋಲ್ಟ್ ಸುತ್ತಲಿನ ಕೊಳವೆ ನಡುವೆ ಇಲ್ಲದೆ ಒಂದು ಬದಿಗೆ ಸರಿದಿರುವುದು ಕಾಣುತ್ತಿತ್ತು. ಸುತ್ತಲೂ ರಬ್ಬರ್ ಬಿರುಕು ಬಿಟ್ಟಿತ್ತು. ನಿಮ್ಮ ಗಾಡಿಯಲ್ಲೂ ಇಷ್ಟು ಕಂಡರೆ ಶಾಕ್ ಅಬ್ಸಾರ್ಬರ್‌ಗೆ ದುಡ್ಡು ಸುರಿಯುವ ಮೊದಲು ಬುಷ್ ನೋಡಿ.

ಈ ಗಾಡಿಯ ಬಗ್ಗೆ ಎರಡು ಮಾತು, ಯಾಕೆಂದರೆ ಬುಷ್ ಆಯ್ಕೆಗೂ ಇದಕ್ಕೂ ಸಂಬಂಧ ಇದೆ. ಇದರ ತೂಕ ಸುಮಾರು 1,000 ಕೆಜಿ ಮಾತ್ರ. ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್, ಅಂದರೆ ಪ್ರತಿ ಚಕ್ರಕ್ಕೂ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್. 1989ರಲ್ಲಿ ಷಿಕಾಗೋ ಆಟೋ ಷೋದಲ್ಲಿ ತೋರಿಸಿದ ಈ ಗಾಡಿಯ ಯೋಜನೆಯನ್ನು ನಡೆಸಿದವರು ತೋಷಿಹಿಕೊ ಹಿರಾಯ್. ಜಪಾನೀಯರಲ್ಲಿ 'ಜಿನ್ಬಾ ಇತ್ತಾಯ್' ಅನ್ನುವ ಮಾತಿದೆ. ಕುದುರೆ ಮತ್ತು ಸವಾರ ಒಂದೇ ಮೈ ಅನ್ನುವ ಅರ್ಥ. ಹಿರಾಯ್ ಅವರ ತಂಡ ಹಿಡಿದುಕೊಂಡದ್ದು ಈ ಮಾತನ್ನು. ಮೇಲೆ ಛಾವಣಿ ಇಲ್ಲದ್ದರಿಂದ ಬಾಡಿ ಸ್ವಲ್ಪ ಬಾಗುತ್ತದೆ, ತಿರುಚುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2017ರಲ್ಲಿ ನಾನು ಪಾಲಿಯನ್ನು ಯಾಕೆ ಆರಿಸಿದೆ ಅಂದರೆ, ಎಲ್ಲರೂ ಅದನ್ನೇ ಹೇಳಿದರು. ರಬ್ಬರ್ ಮೆತ್ತಗೆ, ಪಾಲಿ ಗಟ್ಟಿ, ಸ್ಪೋರ್ಟ್ಸ್ ಕಾರಿಗೆ ಗಟ್ಟಿ ಬೇಕು. ಒಂದೇ ಡಬ್ಬಿಯಲ್ಲಿ ಗಾಡಿಗೆ ಬೇಕಾದ ಎಲ್ಲ ಬುಷ್ ಬರುತ್ತದೆ, ಬೆಲೆಯೂ ಕಡಿಮೆ. ಹಳೆಯ ಬುಷ್ ಕೀಳುವುದೇ ದೊಡ್ಡ ಕೆಲಸವಾಯಿತು. ಹಿಂದಿನ ಲೋಯರ್ ಆರ್ಮ್‌ನ ಹೊರತುದಿಯಲ್ಲಿ ಒಂದು ಉದ್ದನೆಯ ಬೋಲ್ಟ್ ಇದೆ, ಅದು ತುಕ್ಕು ಹಿಡಿದು ಕೊಳವೆಗೇ ಅಂಟಿಕೊಂಡಿತ್ತು. ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ, ಆಗಲೂ ಬಾರದೆ ಕೊನೆಗೆ ಪವರ್ ಸಾದಲ್ಲಿ ಕತ್ತರಿಸಿದೆ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಸೆಟ್ ಮಾಡುವ ಕ್ಯಾಮ್ ಬೋಲ್ಟ್‌ಗಳಲ್ಲೂ ಎರಡು ಹೋದವು. ಉಪ್ಪು ಹಾಕುವ ಊರಿನ ಗಾಡಿ ಆದರೆ ಬುಷ್ ಜೊತೆಗೇ ಹೊಸ ಬೋಲ್ಟ್‌ಗಳನ್ನೂ ತರಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಗಾಡಿ ಸ್ಟ್ಯಾಂಡ್ ಮೇಲೆ ವಾರಗಟ್ಟಲೆ ನಿಲ್ಲುತ್ತದೆ. ಹಳೆಯ ರಬ್ಬರ್ ಸುಟ್ಟು ತೆಗೆಯಿರಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಆ ಹೊಗೆ ವಿಷ. ಪ್ರೆಸ್ ಇರುವ ಕಡೆ ಕೊಟ್ಟು ಒತ್ತಿಸಿ ತೆಗೆಸಿ.

ಮೊದಲ ತಿಂಗಳು ತುಂಬಾ ಖುಷಿಯಾಯಿತು. ಸ್ಟೀರಿಂಗ್ ತಿರುಗಿಸಿದ ತಕ್ಷಣ ಗಾಡಿ ತಿರುಗುತ್ತಿತ್ತು. ಬ್ರೇಕ್ ಒತ್ತಿದರೆ ನೇರ ನಿಲ್ಲುತ್ತಿತ್ತು. ಟಕ್ ಸದ್ದು ಹೋಯಿತು. ಆನ್ ಆರ್ಬರ್ ಪಕ್ಕದ ಹ್ಯೂರಾನ್ ರಿವರ್ ಡ್ರೈವ್‌ನಲ್ಲಿ, ಹೊಳೆ ಪಕ್ಕ ಸುತ್ತಿ ಸುತ್ತಿ ಹೋಗುವ ರಸ್ತೆ ಅದು, ಬೆಳಗಿನ ಹೊತ್ತು ಹೋಗಿ ಬಂದರೆ ಇನ್ನೊಂದು ಸುತ್ತು ಹೋಗೋಣ ಅನ್ನಿಸುತ್ತಿತ್ತು.

ಆದರೆ ಐ-94 ಹೆದ್ದಾರಿಯಲ್ಲಿ ಬೇರೆ ಕಥೆ. ಕಾಂಕ್ರೀಟ್ ತುಂಡುಗಳು ಸೇರುವ ಪ್ರತಿ ಜಾಗದಲ್ಲೂ ಸೀಟಿಗೆ ಒಂದು ಪೆಟ್ಟು. ಮುಂದಿನ ಗಾಜಿನ ಚೌಕಟ್ಟು ಅದುರುವುದು ಕಣ್ಣಿಗೇ ಕಾಣುತ್ತಿತ್ತು. ಚಕ್ರ ಗುಂಡಿಗೆ ಬಿದ್ದಾಗ ಕೂದಲೆಳೆಯಷ್ಟು ಹಿಂದಕ್ಕೆ ಸರಿಯಲು ರಬ್ಬರ್ ಬಿಡುತ್ತದೆ, ಪೆಟ್ಟಿನ ಚೂಪು ಅಲ್ಲೇ ಕರಗುತ್ತದೆ. ಗಟ್ಟಿ ಬುಷ್ ಅದನ್ನು ಬಿಡುವುದಿಲ್ಲ, ಪೆಟ್ಟು ನೇರ ಬಾಡಿಗೆ ಹೋಗುತ್ತದೆ. ಛಾವಣಿ ಇರುವ ಕಾರು ಅದನ್ನು ತಡೆದುಕೊಳ್ಳಬಹುದು. ಮೊದಲೇ ಬಾಗುವ ಓಪನ್ ಬಾಡಿ ಅದುರುತ್ತದೆ. ನನ್ನ ಹೆಂಡತಿ ಕುತ್ತಿಗೆ ನೋವು ಎಂದು ಆ ವರ್ಷ ಗಾಡಿ ಹತ್ತುವುದನ್ನೇ ನಿಲ್ಲಿಸಿದಳು. ನನಗೆ ನಿಜಕ್ಕೂ ಬೇಜಾರಾಯಿತು, ಯಾಕೆಂದರೆ ಗಾಡಿ ಕೊಂಡದ್ದೇ ಇಬ್ಬರೂ ಸುತ್ತಾಡಲಿ ಎಂದು.

ಒಂದು ಚಳಿಗಾಲ ಕಳೆದ ಮೇಲೆ ಕಿರುಗುಟ್ಟುವ ಸದ್ದು ಶುರುವಾಯಿತು. ಹಳೇ ಮನೆಯ ಬಾಗಿಲಿನ ಹಾಗೆ, ರಸ್ತೆಯ ಪ್ರತಿ ಹಂಪ್‌ಗೂ. ಇದು ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಬ್ಬರ್ ಬುಷ್‌ನಲ್ಲಿ ಯಾವುದೂ ಜಾರುವುದಿಲ್ಲ. ನಡುವಿನ ಕೊಳವೆಗೆ ರಬ್ಬರ್ ಅಂಟಿಸಿರುತ್ತಾರೆ. ಆರ್ಮ್ ಮೇಲೆ ಕೆಳಗೆ ಆದಾಗ ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ, ಅಷ್ಟೇ. ಪಾಲಿಯಲ್ಲಿ ಅಂಟು ಇಲ್ಲ. ಅದು ಕೊಳವೆಯ ಮೇಲೆ ಜಾರಿ ತಿರುಗಬೇಕು. ಜಾರಲು ಗ್ರೀಸ್ ಬೇಕು, ಅದೂ ಸೆಟ್ ಜೊತೆ ಕೊಡುವ ಅಂಟಂಟಾದ ಸಿಲಿಕೋನ್ ಥರದ ಗ್ರೀಸ್. ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ, ಜೊತೆಗೆ ಆರ್ಮ್ ಸಲೀಸಾಗಿ ಆಡುವುದಿಲ್ಲ. ನಾನು ಬಿಚ್ಚಿ ಗ್ರೀಸ್ ಹಾಕಿ ಮತ್ತೆ ಜೋಡಿಸಿದೆ, ಅದಕ್ಕೊಂದು ವಾರಾಂತ್ಯ. ಮರುವರ್ಷ ಮತ್ತೆ. ಕೆಲವರು ಆರ್ಮ್‌ಗೆ ತೂತು ಕೊರೆದು, ಬಿಚ್ಚದೆಯೇ ಹೊರಗಿನಿಂದ ಗ್ರೀಸ್ ತುಂಬಲು ಗ್ರೀಸ್ ನಿಪ್ಪಲ್ ಕೂರಿಸುತ್ತಾರೆ. ಪಾಲಿಯೇ ಬೇಕು ಅನ್ನುವವರು ಮೊದಲ ಸಲವೇ ಇದನ್ನು ಮಾಡಿಕೊಳ್ಳಿ, ತುಂಬಾ ಒಳ್ಳೆಯ ಉಪಾಯ.

ಮೂರು ವರ್ಷ, 14,000 ಮೈಲಿ ಆದ ಮೇಲೆ ತೆಗೆದಾಗ ಪಾಲಿ ಬುಷ್ ನೋಡಲು ಹೊಸದರ ಹಾಗೇ ಇತ್ತು. ಇದನ್ನು ಹೇಳಲೇಬೇಕು. ಸವೆದದ್ದು ಕೊಳವೆ, ಅದರ ಮೇಲೆ ಗೀರುಗಳಿದ್ದವು. ಹಾಗಾಗಿ ಪಾಲಿ ಬೇಗ ಹಾಳಾಗುತ್ತದೆ ಅನ್ನುವ ಮಾತು ನನ್ನ ಅನುಭವದಲ್ಲಿ ಸುಳ್ಳು.

ಆಗ ನನ್ನ ತಲೆಗೆ ಬಂದ ವಿಷಯವೇ ಈ ವಿಮರ್ಶೆಯ ಮುಖ್ಯ ಮಾತು. ನಾವೆಲ್ಲ ಹೋಲಿಸುವುದು 25 ವರ್ಷದ ಸತ್ತ ರಬ್ಬರ್ ಜೊತೆ ಹೊಸ ಪಾಲಿಯನ್ನು. ಹಾಗೆ ನೋಡಿದರೆ ಏನು ಹಾಕಿದರೂ ಗಾಡಿ ಚೆನ್ನಾಗೇ ಓಡುತ್ತದೆ. ಹಳೆಯ ರಬ್ಬರ್ ಮೆತ್ತಗಾಗಿರುವುದೂ ಇಲ್ಲ. ವಯಸ್ಸಾದಂತೆ ಅದು ಗಟ್ಟಿಯಾಗುತ್ತದೆ, ಒಡೆಯುತ್ತದೆ, ಕೊಳವೆಯಿಂದ ಅಂಟು ಬಿಡುತ್ತದೆ. ನಮಗೆ ಸಡಿಲ ಅನ್ನಿಸುವುದು ಆ ಅಂಟು ಬಿಟ್ಟದ್ದು. ಹೊಸ ರಬ್ಬರ್ ಹಾಕಿದ ಮಿಯಾಟಾ ಹೇಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

2020ರಲ್ಲಿ ಮಾಜ್ದಾ ರಬ್ಬರ್ ತರಿಸಿದೆ. ಬಿಡಿಬಿಡಿಯಾಗಿ ಕೊಳ್ಳಬೇಕು, ಒಟ್ಟು ಖರ್ಚು ಪಾಲಿಯ ಹೆಚ್ಚುಕಡಿಮೆ ಎರಡರಷ್ಟಾಯಿತು. ಯಾರದೋ ಕಪಾಟಿನಲ್ಲಿ ಹತ್ತು ವರ್ಷ ಕೂತ ಸರಕು ಕೊಳ್ಳಬೇಡಿ, ರಬ್ಬರ್‌ಗೆ ಸುಮ್ನೆ ಇಟ್ಟರೂ ವಯಸ್ಸಾಗುತ್ತದೆ. ಈ ಸಲ ನನಗೆ ಪುರುಸೊತ್ತಿರಲಿಲ್ಲ, ಒಂದು ಗ್ಯಾರೇಜಿಗೆ ಕೊಟ್ಟೆ. ವಾಪಸ್ ತಂದು ನೋಡಿದರೆ ಗಾಡಿ ಮೊದಲಿಗಿಂತ ಒಂದೂವರೆ ಸೆಂಟಿಮೀಟರ್ ಎತ್ತರ ನಿಂತಿತ್ತು! ಲಿಫ್ಟ್ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದರು. ರಬ್ಬರ್ ಬುಷ್‌ನ ವಿಷಯದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ಹಾಗೆ ಬಿಗಿ ಮಾಡಿದರೆ ಗಾಡಿ ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಹಗಲೂ ರಾತ್ರಿ. ಬೇಗ ಹರಿಯುತ್ತದೆ. ಅಷ್ಟು ದಿನ ಸ್ಪ್ರಿಂಗ್ ಥರ ಗಾಡಿಯನ್ನು ಮೇಲಕ್ಕೆ ಎತ್ತಿಯೂ ಹಿಡಿಯುತ್ತದೆ. ಮನೆಯಲ್ಲಿ ಎಲ್ಲ ಬೋಲ್ಟ್ ಸಡಿಲಿಸಿ ನಾನೇ ಮತ್ತೆ ಮಾಡಿದೆ. ಮಾಡುವ ರೀತಿ ಸುಲಭ. ಕೆಲಸ ಶುರು ಮಾಡುವ ಮೊದಲು, ಗಾಡಿ ನೆಲದ ಮೇಲೆ ನಿಂತಿರುವಾಗ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಜೋಡಿಸಿದ ಮೇಲೆ ಹಬ್ ಕೆಳಗೆ ಜಾಕಿ ಕೊಟ್ಟು ಅದೇ ಅಳತೆ ಬರುವವರೆಗೆ ಎತ್ತಿ, ಆಮೇಲೆ ಬಿಗಿ ಮಾಡಿ. ಊರಿನಲ್ಲಿ ಮಾರುತಿಗೆ ಲೋಯರ್ ಆರ್ಮ್ ಬುಷ್ ಹಾಕಿಸುವವರಿಗೂ ಇದೇ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಬುಷ್ ತಂದುಕೊಟ್ಟರೆ ಸಾಲದು, ಬಿಗಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ.

ಇದಾದ ಮೇಲೆ ಮಾಡಿಸಿದ ಅಲೈನ್‌ಮೆಂಟ್‌ನಲ್ಲಿ ಮುಂದೆ ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿದ್ದು), ಮುಂದಿನ ಟೋ ಸೊನ್ನೆ (ಚಕ್ರಗಳು ನೇರ ಮುಂದಕ್ಕೆ), ಹಿಂದೆ ಸ್ವಲ್ಪ ಟೋ ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿದ್ದು) ಇಡಿಸಿದೆ. ಮೊದಲ ದಿನ ಓಡಿಸಿದಾಗ ನನಗೆ ಆಶ್ಚರ್ಯವಾಯಿತು. ತಿರುವಿನಲ್ಲಿ ಪಾಲಿಗೂ ಇದಕ್ಕೂ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ, ಸ್ಟೀರಿಂಗ್ ತಿರುಗಿಸಿದ ಮೊದಲ ಕ್ಷಣ ಒಂದು ಚೂರು ನಿಧಾನ. ಆದರೆ ಕೆಟ್ಟ ರಸ್ತೆಯ ತಿರುವಿನಲ್ಲಿ, ಮಿಷಿಗನ್‌ನಲ್ಲಿ ಹಿಮ ಕರಗಿದ ಮೇಲೆ ಎಲ್ಲವೂ ಕೆಟ್ಟ ರಸ್ತೆಯೇ, ಟೈರ್ ನೆಲ ಬಿಡುವುದಿಲ್ಲ. ಪಾಲಿ ಇದ್ದಾಗ ಅಂಥ ಕಡೆ ಹಿಂಭಾಗ ಸಣ್ಣಗೆ ಹಾರಿ ಪಕ್ಕಕ್ಕೆ ಜರುಗುತ್ತಿತ್ತು. ಅದನ್ನು ನಾನು ಸ್ಪೋರ್ಟ್ಸ್ ಕಾರಿನ ಗುಣ ಅಂದುಕೊಂಡಿದ್ದೆ.

ಡೆಲ್ರಿನ್ ಬುಷ್ ಬಗ್ಗೆಯೂ ಕೇಳುತ್ತೀರಿ, ಅಲ್ವಾ? ಅಸಿಟಾಲ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ಗೆ ಡ್ಯುಪಾಂಟ್ ಕಂಪನಿ ಇಟ್ಟ ಹೆಸರು ಅದು. ದಾವಣಗೆರೆ ಕಡೆಯ ಗೆಳೆಯನೊಬ್ಬ ತನ್ನ ಮಿಯಾಟಾಗೆ ಹಾಕಿಸಿ ಇಲ್ಲೇ ಮಿಷಿಗನ್‌ನ ವಾಟರ್‌ಫರ್ಡ್ ಹಿಲ್ಸ್ ರೇಸ್ ಟ್ರ್ಯಾಕ್‌ನಲ್ಲಿ ಓಡಿಸುತ್ತಾನೆ. ಅವನ ಗ್ಯಾರೇಜಿನಲ್ಲಿ ಸ್ಪ್ರಿಂಗ್, ಶಾಕ್ ತೆಗೆದಿದ್ದಾಗ ಆರ್ಮ್ ಎತ್ತಿ ಬಿಟ್ಟು ನೋಡಿದೆವು. ತನ್ನ ಭಾರಕ್ಕೆ ತಾನೇ ಸಲೀಸಾಗಿ ಕೆಳಗೆ ಬಿತ್ತು. ನನ್ನ ಪಾಲಿ ಒಣಗಿದ್ದಾಗ ಆರ್ಮ್ ಬಿಟ್ಟಲ್ಲೇ ನಿಲ್ಲುತ್ತಿತ್ತು. ಈಗಿನ ರಬ್ಬರ್, ಬಿಗಿ ಮಾಡಿದ ಜಾಗಕ್ಕೆ ತಾನಾಗಿ ವಾಪಸ್ ಬರುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಮೂರೂ ಏನು ಎಂದು ಅರ್ಥವಾಗುತ್ತದೆ. ಟ್ರ್ಯಾಕ್‌ಗೇ ಮೀಸಲಾದ ಗಾಡಿಗೆ ಡೆಲ್ರಿನ್ ತುಂಬಾ ಚೆನ್ನ. ಆದರೆ ಅವನ ಗಾಡಿಯಲ್ಲಿ ಹೆದ್ದಾರಿ ಮೇಲೆ ಮಾತಾಡಬೇಕಾದರೆ ಕೂಗಬೇಕು.

ಪಾಲಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಸ್ವೇ ಬಾರ್ (ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುವ ಸರಳು) ಹಿಡಿಯುವ, ಇಂಗ್ಲಿಷಿನ D ಆಕಾರದ ಡಿ ಬುಷ್‌ಗಳು 2017ರ ಪಾಲಿಯೇ ಇನ್ನೂ ಇವೆ. ಆ ಜಾಗಕ್ಕೆ ಅದೇ ಸರಿ. ಅಗ್ಗ, ಅರ್ಧ ಗಂಟೆಯ ಕೆಲಸ, ಗ್ರೀಸ್ ಹಾಕಲೂ ಕಷ್ಟವಿಲ್ಲ. ಇಡೀ ಗಾಡಿಗೆ ಈಗಲೇ ಖರ್ಚು ಮಾಡಲು ಆಗದಿದ್ದರೆ ಡಿ ಬುಷ್ ಮತ್ತು ಎಂಡ್ ಲಿಂಕ್‌ನಿಂದ (ಸ್ವೇ ಬಾರ್ ತುದಿಯನ್ನು ಆರ್ಮ್‌ಗೆ ಸೇರಿಸುವ ಕೊಂಡಿ) ಶುರು ಮಾಡಿ, ಸದ್ದು ಎಷ್ಟೋ ಕಡಿಮೆಯಾಗುತ್ತದೆ. ರಸ್ತೆ ನುಣ್ಣಗಿರುವ ಊರಿನಲ್ಲಿದ್ದು, ತಿಂಗಳಿಗೊಂದು ಸಲ ಟ್ರ್ಯಾಕ್‌ಗೆ ಹೋಗುತ್ತೀರಿ, ಗ್ರೀಸ್ ಹಾಕಲು ಬೇಸರವಿಲ್ಲ ಅಂದರೆ ಆರ್ಮ್‌ಗಳಿಗೂ ಪಾಲಿ ಹಾಕಿ, ನಾನು ಬೇಡ ಅನ್ನುವುದಿಲ್ಲ.

ರಬ್ಬರ್ ಹಾಕಿ ಈ ಅಕ್ಟೋಬರ್‌ಗೆ ಐದು ವರ್ಷ, 22,000 ಮೈಲಿ. ಕಳೆದ ವಾರ ಚಳಿಗಾಲಕ್ಕೆ ನಿಲ್ಲಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದೇ ನೋಡಿದೆ. ಮುಂದಿನ ಲೋಯರ್ ಆರ್ಮ್‌ಗಳ ಹಿಂಬದಿಯ ಬುಷ್‌ಗಳಲ್ಲಿ ಮೇಲ್ಮೇಲೆ ಸಣ್ಣ ಗೆರೆಗಳು ಕಾಣಿಸಿಕೊಂಡಿವೆ, ಬೇರೆ ಎಲ್ಲೂ ಇಲ್ಲ. ಕೊಳವೆಗಳು ನಡುವೆಯೇ ಇವೆ. ಟೈರ್‌ಗಳು ಸಮನಾಗಿ ಸವೆದಿವೆ. ಜುಲೈಯಲ್ಲಿ ನಾವಿಬ್ಬರೂ ಇದೇ ಗಾಡಿಯಲ್ಲಿ ಹಾರ್ಬರ್ ಸ್ಪ್ರಿಂಗ್ಸ್‌ವರೆಗೆ ಹೋಗಿ, ಅಲ್ಲಿಂದ ಕ್ರಾಸ್ ವಿಲೇಜ್‌ಗೆ ಸರೋವರದ ಪಕ್ಕ ಮರಗಳ ನಡುವೆ ಸಾಗುವ ಎಂ-119 ರಸ್ತೆಯಲ್ಲಿ ಗಾಡಿಯ ಟಾಪ್ ಮಡಚಿಕೊಂಡು ಹೋಗಿ ಬಂದೆವು. ವಾಪಸ್ ಬರುವಾಗ ಹೆದ್ದಾರಿಯಲ್ಲಿ ಅವಳು ಪಕ್ಕದ ಸೀಟಿನಲ್ಲಿ ನಿದ್ದೆ ಮಾಡಿದಳು.