ಮೈಸೂರು ಲ್ಯಾನ್ಸರ್ಸ್ ಸವಾರನೊಬ್ಬನ ಯುದ್ಧ ಪದಕ: ಕೊಂಡು ಪರಿಶೀಲಿಸಿದ ಮೇಲೆ

ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ಅಪರೂಪದ ವಸ್ತುವೇನಲ್ಲ. ಆದರೆ ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸವಾರನ ಹೆಸರಿದ್ದರೆ ಅದರ ಮಾತೇ ಬೇರೆ. ಅಂಥದೊಂದನ್ನು ಆನ್‌ಲೈನ್ ಮಾರಾಟಗಾರರೊಬ್ಬರಿಂದ, ಬೆಳ್ಳಿಯ ತೂಕಕ್ಕೆ ಸಲ್ಲುವ ಬೆಲೆಗಿಂತ ಹಲವು ಪಟ್ಟು ಹೆಚ್ಚು ತೆತ್ತು ಕೊಂಡಿದ್ದೇನೆ.

ಪದಕ ಅಸಲಿಯೆಂಬುದರಲ್ಲಿ ನನಗೆ ಅನುಮಾನವಿಲ್ಲ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ. ಇನ್ನೊಂದರಲ್ಲಿ ಶಿಲ್ಪಿ ವಿಲಿಯಂ ಮೆಕ್‌ಮಿಲನ್ ರೂಪಿಸಿದ, ಹದ್ದಿನ ಲಾಂಛನದ ಗುರಾಣಿಯನ್ನು ತುಳಿಯುತ್ತಿರುವ ಕುದುರೆಯ ಮೇಲೆ ನಗ್ನನಾಗಿ ಕುಳಿತ ಸಂತ ಜಾರ್ಜ್, ಜೊತೆಗೆ 1914 ಮತ್ತು 1918 ಎಂಬ ಇಸವಿಗಳು. ಹಳೆಯ ಹೆಸರನ್ನು ಅರದಿಂದ ಉಜ್ಜಿ ಬೇಡಿಕೆಯಿರುವ ದಳದ ಹೆಸರನ್ನು ಒತ್ತುವ ಮೋಸ ಈ ವ್ಯಾಪಾರದಲ್ಲಿ ಉಂಟು. ಹಾಗಾಗಿದ್ದರೆ ವ್ಯಾಸ ತಗ್ಗುತ್ತದೆ. ವರ್ನಿಯರ್ ಕ್ಯಾಲಿಪರ್ ಇಟ್ಟು ಸುತ್ತಲೂ ಅಳೆದಾಗ ಎಲ್ಲೆಡೆಯೂ ಈ ಪದಕಕ್ಕಿರಬೇಕಾದ 36 ಮಿಲಿಮೀಟರ್ ಬಂದಿತು. ಅಂಚಿನ ನಾಲ್ಕೂ ಬದಿಯ ಸ್ಪಷ್ಟ ಚಿತ್ರಗಳನ್ನು ಮಾರಾಟಗಾರರು ಮೊದಲೇ ಕೊಟ್ಟಿದ್ದುದು ಮೆಚ್ಚತಕ್ಕ ವಿಷಯ, ಏಕೆಂದರೆ ಬಹುತೇಕರು ದೊರೆಯ ಮುಖವನ್ನಷ್ಟೇ ತೋರಿಸುತ್ತಾರೆ.

ನನ್ನ ಆಕ್ಷೇಪವಿರುವುದು ವಿವರಣೆಯ ಬಗ್ಗೆ. ಇದನ್ನು ಅವರು ‘ಹೈಫಾ ಪದಕ’ ಎಂದು ಕರೆದಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಮೈಸೂರಿನ ಸವಾರರು ತುರ್ಕರ ಕೈಯಲ್ಲಿದ್ದ, ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದದ್ದು, ಅವರಲ್ಲೊಂದು ತುಕಡಿ ಕಾರ್ಮೆಲ್ ಬೆಟ್ಟವೇರಿ ಫಿರಂಗಿಗಳನ್ನು ವಶಪಡಿಸಿಕೊಂಡದ್ದು ನಿಜ. ಆದರೆ ಈ ಪದಕಕ್ಕೆ ಕದನಗಳ ಹೆಸರುಳ್ಳ ಲೋಹದ ಪಟ್ಟಿಗಳನ್ನು (ಕ್ಲಾಸ್ಪ್) ಸೇರಿಸುವ ಯೋಜನೆ ಖರ್ಚಿನ ಕಾರಣದಿಂದ ಕೈಬಿಟ್ಟುಹೋಯಿತು. ಆದ್ದರಿಂದ ಈ ಸವಾರ ಹೈಫಾದಲ್ಲಿದ್ದನೋ, ಅಥವಾ ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದು ಅದಕ್ಕೆ ಮೊದಲೇ ಊರಿಗೆ ಮರಳಿದನೋ ಎಂಬುದನ್ನು ಪದಕವೊಂದೇ ಹೇಳಲಾರದು. ದಳ 1914ರಲ್ಲೇ ಈಜಿಪ್ಟಿಗೆ ಹೋಗಿತ್ತು. ಮೊದಲ ತಂಡದಲ್ಲೇ ಹೋದವನಾದರೆ ಕಂಚಿನ 1914–15ರ ನಕ್ಷತ್ರವೂ ವಿಜಯ ಪದಕವೂ ಅವನಿಗೆ ಸಂದಿರಬೇಕು. ಜೊತೆಯವು ಚೆದುರಿಹೋದ ಒಂಟಿ ಪದಕಕ್ಕೆ ಪೂರ್ಣ ಗುಚ್ಛದ ಬೆಲೆ ಕೇಳುವುದು ನ್ಯಾಯವಲ್ಲ.

ಯಾರೋ ಹಿಂದೊಮ್ಮೆ ಪಾಲಿಶ್ ಹಾಕಿ ತಿಕ್ಕಿದ್ದರಿಂದ ಸಂತ ಜಾರ್ಜ್‌ನ ಮುಖ ಸವೆದಿದೆ. ನಡುವೆ ಕಿತ್ತಳೆ, ಅಂಚಿಗೆ ನೀಲಿಯಿರುವ ರಿಬ್ಬನ್ ಹೊಸದು; ಅದನ್ನು ಮುಚ್ಚಿಡದೆ ತಿಳಿಸಿದ್ದರು. ಪ್ಯಾಕಿಂಗ್ ಅಚ್ಚುಕಟ್ಟಾಗಿತ್ತು. ಹೈಫಾದ ವಿಷಯವನ್ನು ನಾನು ಕೊಳ್ಳುವ ಮೊದಲೇ ಬರೆದು ತಿಳಿಸಿದಾಗ ಅವರು ವಿವರಣೆಯನ್ನು ತಿದ್ದಿದರು, ಬೆಲೆಯನ್ನು ತಿದ್ದಲಿಲ್ಲ. ಐದಕ್ಕೆ ಮೂರೂವರೆ ಅಂಕ.