ಪೆಟ್ರೋಲ್ ಆವಿಯ ದೋಷಕ್ಕೆ ಸ್ಕ್ಯಾನರ್, ಹೆಬ್ಬೆರಳು, ಹೊಗೆ: ಮೂರನ್ನೂ ಪ್ರಯೋಗಿಸಿದ ಮೇಲೆ

ತುಮಕೂರಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಹೊರಟಾಗಲೆಲ್ಲ ನನ್ನ ಪೆಟ್ರೋಲ್ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ. ಆದ ಮೇಲೂ ಒಂದೆರಡು ನಿಮಿಷ ನಡುಗುತ್ತಿತ್ತು. ಅರ್ಧ ಟ್ಯಾಂಕಿಗೆ ಇಳಿದರೆ ತೊಂದರೆಯೇ ಇರುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಇಂಜೆಕ್ಟರ್ ಬದಲಿಸಬೇಕೆಂದರು. ನನಗೆ ಅನುಮಾನ ಬಂದದ್ದು ಆವಿ ವ್ಯವಸ್ಥೆಯ ಮೇಲೆ. ಟ್ಯಾಂಕಿನಲ್ಲಿ ಏಳುವ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ (ಕ್ಯಾನಿಸ್ಟರಿಗೂ ಎಂಜಿನಿಗೂ ನಡುವೆ ಇರುವ, ಕರೆಂಟಿನಿಂದ ತೆರೆಯುವ ವಾಲ್ವ್) ಆಗಾಗ ತೆರೆದುಕೊಂಡು, ಆ ಆವಿ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಮೂಲಕ ಒಳಗೆ ಹೋಗಿ ಉರಿಯುತ್ತದೆ.

ಮೊದಲು ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಹಚ್ಚಿದೆ. ಸಿಕ್ಕಿದ ಕೋಡ್ ಪಿ 0172, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದಷ್ಟೇ. ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಕೋಡ್ ಹೇಳುವುದಿಲ್ಲ. ಅಮೆರಿಕದ ಕಾರುಗಳಲ್ಲಿ ಆವಿಯ ಸಣ್ಣ ಸೋರಿಕೆಗೆ ಪಿ 0442, ದೊಡ್ಡದಕ್ಕೆ ಪಿ 0455 ಎಂಬ ಕೋಡುಗಳು ಬರುತ್ತವೆ. ನನ್ನ ಕಾರಿನಲ್ಲಿ ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರೇ ಇಲ್ಲದ್ದರಿಂದ ಆ ನೆರವು ಸಿಗಲಿಲ್ಲ. ಆದರೂ ಎಂಜಿನ್ ಓಡುವಾಗಲೇ ಸ್ಕ್ಯಾನರ್ ತೋರಿಸುವ ಲೈವ್ ಡೇಟಾ ಉಪಯೋಗಕ್ಕೆ ಬಂತು. ಬಂಕಿನಿಂದ ಬಂದ ಕೂಡಲೇ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಆ ಕ್ಷಣದಲ್ಲಿ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ಮೈನಸ್ ಎಂದರೆ ಕಡಿತ) ಮೈನಸ್ 18ರಲ್ಲಿತ್ತು. ಪರ್ಜ್ ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಹಿಡಿದಾಗ ಅದು ಮೈನಸ್ 3ಕ್ಕೆ ಬಂತು.

ಎರಡನೆಯ ವಿಧಾನಕ್ಕೆ ಖರ್ಚಿಲ್ಲ, ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದೂ ಅದೇ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಪರ್ಜ್ ವಾಲ್ವಿನಿಂದ ಕ್ಯಾನಿಸ್ಟರ್ ಕಡೆಯ ಹೋಸ್ ಕಳಚಿ, ವಾಲ್ವಿನ ಬಾಯಿಗೆ ಹೆಬ್ಬೆರಳು ಇಟ್ಟೆ. ಆ ಹೊತ್ತಿನಲ್ಲಿ ವಾಲ್ವ್ ಮುಚ್ಚಿರಬೇಕು, ಎಳೆತ ಇರಬಾರದು. ನನ್ನ ಬೆರಳನ್ನು ಅದು ಗಟ್ಟಿಯಾಗಿ ಹಿಡಿದೆಳೆಯಿತು. ಕರೆಂಟಿನ ಕನೆಕ್ಟರ್ ಬಿಚ್ಚಿದರೂ ಎಳೆತ ನಿಲ್ಲಲಿಲ್ಲವಾದ್ದರಿಂದ, ತಪ್ಪು ಕಂಪ್ಯೂಟರಿನದಲ್ಲ, ವಾಲ್ವೇ ತೆರೆದು ಸಿಕ್ಕಿಕೊಂಡಿದೆ ಎಂಬುದು ಖಚಿತವಾಯಿತು. ಮಲ್ಟಿಮೀಟರ್ ಮಾತ್ರ ನಂಬಿದ್ದರೆ ಮೋಸ ಹೋಗುತ್ತಿದ್ದೆ, ಏಕೆಂದರೆ ವಾಲ್ವನ್ನು ತೆರೆಯುವ ತಂತಿ ಸುರುಳಿ, ಅಂದರೆ ಕಾಯಿಲ್, 26 ಓಮ್ ತೋರಿಸಿ ಸರಿಯಾಗಿಯೇ ಇತ್ತು. ವಾಲ್ವನ್ನು ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದಾಗ ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಉದುರಿದವು: ಕ್ಯಾನಿಸ್ಟರಿನ ಇದ್ದಿಲು. ಪಂಪ್ ತಾನಾಗಿ ನಿಂತ ಮೇಲೂ ರೌಂಡ್ ಫಿಗರ್‌ಗೆಂದು ಹಾಕಿಸುತ್ತಿದ್ದ ಪೆಟ್ರೋಲ್ ಕ್ಯಾನಿಸ್ಟರಿಗೆ ಇಳಿದು ಅದನ್ನು ಕೆಡಿಸಿರಬೇಕು. ಈ ಅಭ್ಯಾಸವನ್ನು ದಯವಿಟ್ಟು ಬಿಡಿ.

ವಾಲ್ವ್, ಕ್ಯಾನಿಸ್ಟರ್ ಎರಡನ್ನೂ ಬದಲಿಸಿದ ಮೇಲೆ ಸ್ಟಾರ್ಟಿಂಗ್ ಸರಿಹೋಯಿತು, ಆದರೆ ಹಿಂದಿನ ಚಕ್ರದ ಬಳಿ ಪೆಟ್ರೋಲ್ ವಾಸನೆ ಉಳಿಯಿತು. ಇಲ್ಲಿ ಬೆರಳಿಗೂ ಸ್ಕ್ಯಾನರಿಗೂ ಕೆಲಸವಿಲ್ಲ. ಆವಿಯ ಕೊಳವೆಗಳಿಗೆ ಹೊಗೆ ಬಿಟ್ಟು ಸೋರುವ ಜಾಗ ಹುಡುಕುವ ಸ್ಮೋಕ್ ಟೆಸ್ಟೇ ಬೇಕು. ಬೆಂಗಳೂರು ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ, ಎಣ್ಣೆ ಕಾಯಿಸಿ ಮಾಡಿದ ಹೊಗೆಯನ್ನು ಒಂದು ಪಿಎಸ್‌ಐಗಿಂತ (ಟೈರಿನ ಗಾಳಿ ಅಳೆಯುವ ಅದೇ ಮಾನ) ಕಡಿಮೆ ಒತ್ತಡದಲ್ಲಿ ಬಿಟ್ಟರು. ಕೆಟ್ಟ ವಾಲ್ವ್ ಇದ್ದಾಗಲೇ ಈ ಪರೀಕ್ಷೆ ಮಾಡಿಸಿದ್ದರೆ ಹೊಗೆ ಎಂಜಿನ್ ಕಡೆಗೆ ಹೋಗಿ ದಾರಿ ತಪ್ಪಿಸುತ್ತಿತ್ತು. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನಾಗಲಿ, ಊದುಬತ್ತಿಯನ್ನಾಗಲಿ ಇದಕ್ಕೆ ಬಳಸುವುದು ಪ್ರಾಣಾಪಾಯ. ಎರಡು ನಿಮಿಷದಲ್ಲಿ ಪೆಟ್ರೋಲ್ ಹಾಕುವ ಕೊಳವೆಯ ಪಕ್ಕದ ರಬ್ಬರ್ ಹೋಸಿನಲ್ಲಿ, ಕ್ಲಿಪ್ಪಿನ ಅಡಿಯಿಂದ, ನೂಲಿನಂತೆ ಹೊಗೆ ಎದ್ದಿತು. ಆ ತುಂಡು ಹೋಸ್ ಬದಲಿಸಿದ ದಿನದಿಂದ ವಾಸನೆ ಇಲ್ಲ.