ಗುಂಡಿ ಇಲ್ಲದ ಕ್ರೊಮ್ಯಾಟಿಕ್‌ಗೆ ದುಡ್ಡು ಕೊಡಬೇಡಿ

ಕ್ರೊಮ್ಯಾಟಿಕ್ ಹಾರ್ಮೋನಿಕಾ, ಅಂದರೆ ಅರ್ಧ ಸ್ವರಗಳೂ ಸೇರಿ ಎಲ್ಲಾ ಸ್ವರ ಬರುವ ಮೌತ್ ಆರ್ಗನ್, ಕಲಿಯುವ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ಜೇಬಿಗೆ ಕೈ ಹಾಕುವ ಮುಂಚೆ ವಾದ್ಯದ ತುದಿಯಲ್ಲಿ ಒತ್ತುವ ಗುಂಡಿ ಇದೆಯಾ ನೋಡಿ. ಗುಂಡಿ ಇಲ್ಲದಿದ್ದರೆ ಅದನ್ನು ಕ್ರೊಮ್ಯಾಟಿಕ್ ಅಂತ ತಗೋಬೇಡಿ, ಅಂಗಡಿಯವರು ಏನೇ ಹೇಳಲಿ. ಇದು ಗೊತ್ತಿಲ್ಲದೆ ತುಮಕೂರಲ್ಲಿ ನಾನು 2,400 ರೂಪಾಯಿ ಕಳೆದುಕೊಂಡೆ, ಒಂದೂವರೆ ತಿಂಗಳ ಅಭ್ಯಾಸವೂ ಹೋಯಿತು.

ಮಗಳು ಸಂಗೀತದ ಕ್ಲಾಸಿಗೆ ಹೋಗುತ್ತಾಳೆ, ಈಗ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ನಡೆಯುತ್ತಿದೆ. ಅವಳನ್ನು ಬಿಟ್ಟು ಹೊರಗೆ ಕೂತು ಕೇಳುತ್ತಾ ಕೇಳುತ್ತಾ ನನಗೂ ಏನಾದರೂ ನುಡಿಸಬೇಕು ಅನ್ನಿಸಿತು. ಬೆಲ್ಜಿಯಂನ ಟೂಟ್ಸ್ ಟೀಲೆಮನ್ಸ್ ನುಡಿಸುವುದನ್ನು ಕೇಳಿದ ಮೇಲಂತೂ ಕ್ರೊಮ್ಯಾಟಿಕ್ಕೇ ಬೇಕು ಅಂತ ತೀರ್ಮಾನ ಮಾಡಿದೆ. ಊರಿನ ಒಂದು ಅಂಗಡಿಗೆ ಹೋಗಿ ಕೇಳಿದೆ. ಅವರು ಉದ್ದನೆಯ ಡಬ್ಬಿ ತೆಗೆದು, ಮೇಲೊಂದು ಕೆಳಗೊಂದು ಅಂತ ಎರಡು ಸಾಲು ತೂತಿದ್ದ ಮೌತ್ ಆರ್ಗನ್ ತೋರಿಸಿದರು. "ಇದೇ ಸಾರ್, 48 ರೀಡು, ಎಲ್ಲಾ ಸ್ವರಾನೂ ಬರುತ್ತೆ." 12 ತೂತಿನ ಕ್ರೊಮ್ಯಾಟಿಕ್‌ನಲ್ಲಿ 48 ರೀಡು (ಉಸಿರಿಗೆ ಕಂಪಿಸಿ ನಾದ ಕೊಡುವ ಲೋಹದ ಪುಟ್ಟ ನಾಲಗೆ) ಅಂತ ಮೊದಲೇ ಓದಿಕೊಂಡಿದ್ದೆ. ಲೆಕ್ಕ ಸರಿಹೋಯಿತಲ್ಲ, ನಂಬಿದೆ.

ಮೋಸ ಇರುವುದು ಆ ಲೆಕ್ಕದಲ್ಲೇ. ನನಗೆ ಕೊಟ್ಟಿದ್ದು ಟ್ರೆಮೊಲೊ. ಅದರಲ್ಲೂ 48 ರೀಡು ಇರುತ್ತವೆ, ಸುಳ್ಳಲ್ಲ. ಆದರೆ ಒಂದೊಂದು ಸ್ವರಕ್ಕೆ ಎರಡೆರಡು ರೀಡು, ಒಂದಕ್ಕೊಂದು ಚೂರು ಹೆಚ್ಚುಕಡಿಮೆ ಶ್ರುತಿಯಲ್ಲಿ. ಅದಕ್ಕೇ ಆ ಅಲೆಅಲೆಯಾದ ನಾದ. ಕೇಳಲು ಚೆನ್ನಾಗಿಯೇ ಇರುತ್ತದೆ, ಆದರೆ ಹಾರ್ಮೋನಿಯಂನ ಕರಿ ಮನೆಗಳನ್ನೆಲ್ಲ ಕಿತ್ತು ಹಾಕಿದ ಹಾಗೆ. ಕ್ರೊಮ್ಯಾಟಿಕ್ ಬೇರೆ. ಒಂದು ತೂತಿಗೆ ನಾಲ್ಕು ರೀಡು: ಊದಿದರೆ ಒಂದು, ಎಳೆದರೆ ಒಂದು, ಗುಂಡಿ ಒತ್ತಿ ಊದಿದರೆ, ಎಳೆದರೆ ಅರ್ಧ ಸ್ವರ (ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆ) ಮೇಲಿನವು.

ನನಗೆ ಇದು ಗೊತ್ತಾಗಿದ್ದು ಮಗಳ ಟೀಚರ್‌ರಿಂದ. ಒಂದೂವರೆ ತಿಂಗಳು ಶ್ರುತಿ ಆ್ಯಪ್ ಹಾಕಿಕೊಂಡು ಸರಳೆ ವರಸೆ ಕಲಿತು, ಒಂದು ಸಂಜೆ ಅವರ ಮುಂದೆ ನುಡಿಸಿದೆ. ಸ ರಿ ಗ ಮ ಅನ್ನುವಷ್ಟರಲ್ಲೇ ಅವರು ಕೈ ಎತ್ತಿ ನಿಲ್ಲಿಸಿದರು. "ಮಾಯಾಮಾಳವಗೌಳದಲ್ಲಿ ಶುದ್ಧ ರಿಷಭ ಅಲ್ವಾ, ನೀವು ಚತುಶ್ರುತಿ ನುಡಿಸ್ತಿದ್ದೀರ. ಧೈವತಾನೂ ಹಾಗೇ. ಶಂಕರಾಭರಣ ಆಗಿಹೋಯ್ತು." ಸರಳೆ ವರಸೆ ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ; ಅದರ ರಿ, ಧ ಎರಡೂ ಶಂಕರಾಭರಣ ರಾಗದವಕ್ಕಿಂತ ಅರ್ಧ ಸ್ವರ ಕೆಳಗೆ. ಮನೆಗೆ ಬಂದು ಒಂದೊಂದೇ ತೂತು ಊದಿ, ಎಳೆದು ಹುಡುಕಿದೆ. ಆ ಎರಡು ಸ್ವರ ಇಡೀ ವಾದ್ಯದಲ್ಲಿ ಎಲ್ಲೂ ಇಲ್ಲ. ನಿಜವಾದ ಕ್ರೊಮ್ಯಾಟಿಕ್‌ನಲ್ಲಿ ಗುಂಡಿ ಒತ್ತಿ ಮೊದಲ ತೂತು ಊದಿದರೆ ಶುದ್ಧ ರಿಷಭ, ಮೂರನೆಯದು ಊದಿದರೆ ಶುದ್ಧ ಧೈವತ. ಇಷ್ಟು ಸುಲಭ.

ವಾಪಸ್ ಕೊಡಲು ಹೋದರೆ "ಬಾಯಿಗೆ ಇಟ್ಟ ಮೇಲೆ ತಗೊಳಲ್ಲ ಸಾರ್" ಅಂದರು. ಬಿಲ್ಲಿನಲ್ಲಿ ಬರೆದಿದ್ದು ಬರೀ "ಮೌತ್ ಆರ್ಗನ್ - 1". ಅದನ್ನು ಹಿಡಿದು ನಾನು ಏನು ವಾದ ಮಾಡಲಿ? ಅದಕ್ಕೇ ಹೇಳುತ್ತಿದ್ದೇನೆ, ಬಿಲ್ಲಿನಲ್ಲಿ "12 ತೂತಿನ ಕ್ರೊಮ್ಯಾಟಿಕ್" ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಆಮೇಲೆ ಬೆಂಗಳೂರಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಕ್ರೊಮ್ಯಾಟಿಕ್ ತಗೊಂಡೆ, 4,000 ರೂಪಾಯಿ. ವಾದ್ಯ ಚೆನ್ನಾಗಿಯೇ ಇತ್ತು. ಡಿಸೆಂಬರ್ ಬೆಳಗ್ಗೆ ಅಮಾನಿಕೆರೆ ಪಾರ್ಕಿನಲ್ಲಿ ಕೂತು ನುಡಿಸಲು ಶುರುಮಾಡಿದೆ. ಕೆಲವು ತೂತು ತಡೆದು ತಡೆದು ನುಡಿಯುತ್ತಿದ್ದವು, ಒಂದೆರಡು ಪಟಪಟ ಅನ್ನುತ್ತಿದ್ದವು. ನನ್ನ ಉಸಿರು ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಜೋರಾಗಿ ಊದಿದೆ. ದಿನಾ ಹೀಗೇ. ಮೂರು ವಾರಕ್ಕೆ ಎರಡನೇ ತೂತಿನ ಗ ಶ್ರುತಿಯಿಂದ ಕೆಳಗೆ ಇಳಿಯಿತು.

ಕಾರಣ ಉಸಿರಲ್ಲ, ಚಳಿ. ಒಳಗೆ ರೀಡಿನ ಬದಿಯ ಸೀಳುಗಳ ಮೇಲೆ ಗಾಳಿ ಸೋರದಿರಲಿ ಅಂತ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ವಾದ್ಯ ತಣ್ಣಗಿದ್ದರೆ ಬಿಸಿ ಉಸಿರು ಅಲ್ಲಿ ನೀರಾಗಿ ಪಟ್ಟಿ ಅಂಟಿಕೊಳ್ಳುತ್ತದೆ. ಸುಮ್ನೆ ಹತ್ತು ನಿಮಿಷ ಅಂಗಿಯೊಳಗೋ ಕೈಯಲ್ಲೋ ಬೆಚ್ಚಗೆ ಇಟ್ಟುಕೊಂಡಿದ್ದರೆ ಸಾಕಿತ್ತು. ಜಾಸ್ತಿ ಒತ್ತಡ ಹಾಕಿದರೆ ರೀಡಿನ ಲೋಹ ದಣಿದು ಶ್ರುತಿ ಇಳಿಯುತ್ತದೆ, ಕೊನೆಗೆ ಮುರಿಯಲೂಬಹುದು. ಮಾತಾಡುವಾಗಿನ ಉಸಿರಿನಷ್ಟೇ ಸಾಕು. ಕಾಫಿ ಕುಡಿದ ಬಾಯಲ್ಲಿ ಹಾಗೇ ನುಡಿಸಬೇಡಿ, ಸಕ್ಕರೆ ಅಂಶಕ್ಕೆ ಗುಂಡಿ ಒತ್ತಿದಾಗ ಒಳಗೆ ಜಾರುವ ಪಟ್ಟಿ ಹಿಡಿದುಕೊಳ್ಳುತ್ತದೆ. ಬಾಯಿ ಮುಕ್ಕಳಿಸಿ.

ಹಳೇದು ಕೊಳ್ಳುವವರು 12 ತೂತಿನಲ್ಲೂ ನಾಲ್ಕು ನಾಲ್ಕು ಸ್ವರ ನುಡಿಸಿ ತೋರಿಸಲು ಹೇಳಿ, ವಿಡಿಯೋ ಕಾಲ್‌ನಲ್ಲಾದರೂ ಸರಿ. ಗುಂಡಿ ಬಿಟ್ಟ ತಕ್ಷಣ ತಾನೇ ಹಿಂದೆ ಬರಬೇಕು. ನಾಲ್ಕನೇ ಮತ್ತು ಐದನೇ ತೂತು ಊದಿದರೆ ಎರಡರಲ್ಲೂ ಒಂದೇ ಸ ಬರುತ್ತದೆ, ಅದು ದೋಷ ಅಲ್ಲ, ಗಾಬರಿಯಾಗಬೇಡಿ.

ನನ್ನ ಗ ಇನ್ನೂ ಹಾಗೇ ಇದೆ. ತುಮಕೂರಿನಲ್ಲಿ ರೀಡು ಸರಿಮಾಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.